ಗೂಗಲ್ ಮಡುವಿನ ಫಟಫಟಿ

ರಾಯಚೂರಿನ ಹತ್ತಿ ಮಿಲ್ಲಿನಾಗ ಇಂಜಿನ್ ನಡೆಸೋ ವಿರೂಪಣ್ಣ ದೆವ್ವಕ್ಕ ಹೆದರೋ ಮನಷ್ಯಾ ಅಲ್ಲ. ಸದ್ದು ಕೇಳೇ ಇಂಜಿನ್ನಿನ ಹೊಟ್ಟಿನೋವು ಹೇಳಾಂವ. ಮಾತು ಒರಟು, ದವಡ್ಯಾಗ ಯಾವಾಗಲೂ ತಂಬಾಕ. ಅಂಥಾಂವ ಆ ಬ್ಯಾಸಿಗ್ಯಾಗ ದೀಪ ಹಚ್ಚೋ ಹೊತ್ತಾತು ಅಂದ್ರ ಅಂಗಳಕ್ಕ ಬೆನ್ನು ಮಾಡಿ ಕೂಡಾಕತ್ತಿದ. ಅಂಗಳದಾಗ ಅಳಿಯನ ಫಟಫಟಿ, ಹಳೇ ಮೋಟಾರ್ ಸೈಕಲ್ಲು, ನಿಂತಿತ್ತು. ಸುಮ್ಮನ ನಿಂತ ಗಾಡಿ ಗುಡುಗುಡು ಅಂದಂಗ ಅವನ ಕಿವಿಗಿ ಕೇಳತಿತ್ತು. ಯಾರ ಮುಂದ ಹೇಳ್ತಿ? ಹೇಳಿದ್ರ ಮುದುಕಗ ಅರಳುಮರುಳು ಅಂತಾರ.

ಅಳಿಯ ಗಡಿಗೆಪ್ಪ ಮಾನವಿ ಕಡೆ ಕುರ್ಡಿಯಾಂವ. ಹತ್ತಿ ಸಾವಕಾರ್ರ ಕೆಲಸಕ್ಕ ಆ ಹಳೇ ಗಾಡಿ ಮ್ಯಾಲ ಊರೂರು ತಿರಗತಿದ್ದ. ಹೋದ ವರ್ಷ ಮಳಿ ಹಿಡಿಯೋ ಹೊತ್ತಿಗೆ, ರಜಾಕಾರರ ಗಲಾಟಿ ಜೋರಿದ್ದಾಗ, ದೇವದುರ್ಗಕ್ಕ ಹೋದಾಂವ ತಿರುಗಿ ಮನಿ ಮುಟ್ಟಲಿಲ್ಲ. ಈ ವರ್ಷ ಕೃಷ್ಣಾ ಬತ್ತಿದಾಗ ಗೂಗಲ್ ಊರ ಹತ್ರ ಬಂಡಿಗಲ್ಲಿನ ಮಡುವಿನಾಗ ಫಟಫಟಿ ಹಿಡಿಕಿ ಕಾಣಿಸ್ತು. ಹೊಳಿ ದಂಡಿ ಮ್ಯಾಲ ಗಾಡಿ ಹೊಡಕೊಂಡು ಬರುವಾಗ ಜಾರಿ ಬಿದ್ದಾನ ಅಂದ್ರು ಜನ. ಗಾಡಿ ಸಿಕ್ತು, ಹೆಣ ಸಿಗಲಿಲ್ಲ.

"ಈಗರ ನಂಬ್ರಿ ಬೀಗರ," ಅಂದ್ಳು ಗಡಿಗೆಪ್ಪನ ತಾಯಿ ಚನ್ನಮಲ್ಲಮ್ಮ. "ಸೊಸಿ ಬಳಿ ತೆಗೆಸಿ ಶಾಸ್ತ್ರ ಮುಗಿಸೂಣು. ಶಾಸ್ತ್ರ ಆಗದಿದ್ರ ನನ್ನ ಮಗ ಬಾಗಲದಾಗ ನಿಂತಿರತಾನ."

ಹೆಣ ನೋಡೋತನಕ ಮಗಳ ಕುಂಕುಮ ಅಳಸಾಕ ವಿರೂಪಣ್ಣ ಒಪ್ಪಲಿಲ್ಲ. ಕೆಟ್ಟ ಮೊಂಡ ಅಂವ. ಗಾಡಿ ಬಂಡ್ಯಾಗ ಹೇರಿಸಿಕೊಂಡು ರಾಯಚೂರಿಗೆ ತಂದ. "ಇದನ್ನ ಚಾಲೂ ಮಾಡಿ, ಇದರ ಮ್ಯಾಲ ಕುಂತು ಅವನ್ನ ಹುಡುಕ್ತೀನಿ," ಅಂದ. ಮಗಳು ಅಂಬಮ್ಮ ಸೆರಗು ನಡಕ್ಕ ಸಿಗಿಸಿಕೊಂಡು ಬೋಲ್ಟು ಬಿಚ್ಚೋ ಪಾನಾ ಹಿಡದ್ಳು. ಸಣ್ಣಾಕಿ ಇದ್ದಾಗಿಂದ ಅಪ್ಪಗ ಬುತ್ತಿ ಒಯ್ದು ಮಿಲ್ಲಿನಾಗ ಕುಂತು ನೋಡಿದಾಕಿ, ಕೈ ಪಳಗಿತ್ತು.

ಜಂಗು ಹಿಡಿದ ತಂತಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಿದ್ಳು. ಬೋಲ್ಟು ಒಂದೊಂದ ಬಿಚ್ಚಿ ಚಿಮಣಿ ಎಣ್ಣ್ಯಾಗ ನೆನಿ ಹಾಕಿದ್ಳು. ಅಪ್ಪ ಮ್ಯಾಗ್ನೆಟ್ ಬಿಸಲಿಗಿ ಒಣಗಿಸಿದ. ಓಣಿ ಹೆಂಗಸರು ದೂರ ನಿಂತು ನೋಡತಿದ್ರು. ಬಾಜು ಮನಿ ಸುಗ್ರಾ ಬೇಗಂ ಒಬ್ಬಾಕಿ ಹತ್ರ ಬಂದು, ಸತ್ತಾಂವ ಗಾಡಿ ಬಿಟ್ಟು ಇಳದಿಲ್ಲ ಅಂತ ಹಿಡಿಕಿಗೊಂದು ತಾಯತ ಕಟ್ಟಿ ಹೋದ್ಳು. ಅಂಬಮ್ಮ ಅದನ್ನ ಬಿಚ್ಚಲಿಲ್ಲ.

ಪೆಟ್ರೋಲ್ ಟಾಕಿ ಇಳಿಸಿ ಇಂಜಿನ್ ಮ್ಯಾಲಿನ ರಾಡಿ ಕೆರಿಯುವಾಗ ಆಕಿ ಕೈ ನಿಂತ್ವು. ಇಂಜಿನ್ನಿಗೆ ಕಿಡಿ ಕೊಡೋ ಪ್ಲಗ್ ಇರಲಿಲ್ಲ. ಪ್ಲಗ್ಗಿನ ತೂತಿಗೆ ಅರಿವಿ ಒತ್ತಿ, ಮ್ಯಾಲ ಮೇಣ ಕರಗಿಸಿ ಹಾಕಿತ್ತು. ಹೊಗಿ ನಳಿಗೂ ಮೇಣ, ಗಾಳಿ ಎಳಕೊಳ್ಳೋ ಬಾಯಿಗೂ ಮೇಣ. ವಿರೂಪಣ್ಣ ಮೇಣ ಕಿತ್ತು ಬೆರಳು ಹಾಕಿ ನೋಡಿದ. ಒಳಗ ಒಣ, ಎಣ್ಣಿ ಪಸಿ ಇನ್ನೂ ಇತ್ತು. ಹತ್ತಿ ಕೆಲಸ ಮುಗಿದು ಮಳಿಗಾಲಕ್ಕ ಮಿಲ್ಲಿನ ಇಂಜಿನ್ ಮುಚ್ಚಿಡೋ ರೀತಿ ಅದು. ಅಳಿಯಗ ಕಲಿಸಿದಾಂವ ತಾನ.

"ಪ್ಲಗ್ ಇಲ್ಲದ ಗಾಡಿ ಹೊಡಕೊಂಡು ಯಾರು ಬಂದಾರು?" ಅಂದ. "ಗಲಾಟ್ಯಾಗ ಯಾರರ ಕಸಗೊಂಡಾರಂತ ತಾನ ಮುಚ್ಚಿ ಮಡುವಿನಾಗ ಬಚ್ಚಿಟ್ಟು ಹೋಗ್ಯಾನ. ಸತ್ತಿಲ್ಲವ್ವಾ ಅಂಬವ್ವ. ನಿನ್ನ ಗಂಡ ಬದುಕ್ಯಾನ."

ಮುದುಕನ ಕಣ್ಣಾಗ ನೀರು ತುಂಬಿದ್ವು. ಮಗಳು ಮೇಣದ ತುಂಡು ಹಿಡಕೊಂಡು ಕುಂತೇ ಇದ್ಳು.

"ರಜಾಕಾರರಿಗೆ ಹೆದರಿ ಮದ್ರಾಸ್ ಸೀಮಿಗೆ ಓಡಿದವರೆಲ್ಲ ಗಲಾಟಿ ಮುಗದು ದೀಪಾವಳಿಗೆ ತಿರುಗಿ ಬಂದ್ರಲ್ಲ ಯಪ್ಪಾ," ಅಂದ್ಳು. "ಗಾಡ್ಯಾಗ ನೀರು ಹೋಗಬಾರದಂತ ಇಷ್ಟು ಕಾಳಜಿ ಮಾಡ್ಯಾನ. ನನಗ ಒಂದು ಮಾತು ಹೇಳಿ ಕಳಿಸಾಕ ಆಗಲಿಲ್ಲ ಅವಗ."

ಸತ್ತಾಂವಗ ತಾಯತ ಅದ, ನಿಂಬಿಹಣ್ಣ ಅದ. ಬದುಕಿದ್ದೂ ಬರದಾಂವಗ ಏನ ಕಟ್ಟತಿ?

ಮರುದಿನ ಹೊಸ ಪ್ಲಗ್ ಹಾಕಿ ಒದ್ದ. ಗಾಡಿ ಗುಡುಗಿತು. ಇಷ್ಟು ದಿನ ಯಾವ ಸದ್ದಿಗೆ ಬೆನ್ನು ಮಾಡಿ ಕುಂತಿದ್ನೋ ಅದ ಸದ್ದು. ಅಂಬಮ್ಮ ಕೈ ಚಾಚಿ ಬಂದ್ ಮಾಡಿದ್ಳು.

"ಅಂವ ಈ ಗಾಡಿ ಒಯ್ಯಾಕ ಬಂದ ಬರ್ತಾನ. ಮಡುವಿನಾಗ ಸಿಗದಿದ್ರ ಹುಡಕ್ಕೋತ ನಮ್ಮ ಬಾಗಲಕ್ಕ ಬರ್ತಾನ. ಬ್ಯಾಡ, ಬಿಟ್ಟುಹೋದಾಂವ ನನಗ ಬ್ಯಾಡ. ಇದ್ದಲ್ಲೇ ಒಯ್ದು ಇಟ್ಟು ಬರೂಣು."

ಪ್ಲಗ್ ತೆಗೆದು, ಅದ ಅರಿವಿ ಒತ್ತಿ, ಮೇಣ ತನ್ನ ಕೈಲೇ ಕರಗಿಸಿ ಹಾಕಿದ್ಳು. ಅಪ್ಪ ತಡಿಯಲಿಲ್ಲ.

ಗೂಗಲ್ ಮಡುವಿನಾಗ ಗಾಡಿ ಇಳಿಸಿ, ಬಂಡಿ ಅಲ್ಲಿಂದ ಕುರ್ಡಿಗೆ, ಅತ್ತಿ ಮನಿಗೆ, ಹೊಡಿಸಿದ್ಳು ಅಂಬಮ್ಮ. "ನಿಮ್ಮ ಮಗ ಹೊಳ್ಯಾಗ ಹೋದದ್ದು ಖರೇ, ಅತ್ತಿ," ಅಂದ್ಳು. ಚನ್ನಮಲ್ಲಮ್ಮ ಎದಿ ಬಡಕೊಂಡು ಅತ್ತು, ಓಣಿ ಹೆಂಗಸರನ್ನ ಕರಸಿದ್ಳು. ಹೆತ್ತ ತಾಯಿ ಅಳೋದು ನೋಡಿ ವಿರೂಪಣ್ಣಗ ಖರೇ ಮಾತು ಬಾಯಿತನಕ ಬಂತು. ಮಗಳು ತಿರುಗಿ ಅವನ್ನ ನೋಡಿದ್ಳು, ಆಮ್ಯಾಲ ಎರಡೂ ಕೈ ತಾನ ಮುಂದ ಹಿಡದ್ಳು. ಗಂಡ ಇದ್ದಾಕಿ ಬಳಿ ಒಡಿಯೋದನ್ನ ನೋಡಿಕೋತ ಅಪ್ಪ ಬಾಗಲದಾಗ ಸುಮ್ಮನ ನಿಂತ.