ಮುಟ್ಟಿ ನೋಡು ಎಂದ ವಾರ್ಡರಮ್ಮ

ವಾರ್ಡರಮ್ಮ ಹೆಂಗಸರ ಜೈಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಮವಸ್ತ್ರ ಕಳಚಿ ನಾಲ್ಕು ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಹೆಸರು ಮಾತ್ರ ಹಾಗೇ ಉಳಿದಿತ್ತು. ಎತ್ತರದ ಆಳು, ಗಟ್ಟಿ ಗಂಟಲು. ತರಕಾರಿಗೆ ಹೋದರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆಯುತ್ತಿದ್ದರು. ತುಂಬಿದ ಚೀಲ ಹೆಜ್ಜೆ ಹೆಜ್ಜೆಗೂ ಮಂಡಿಯ ಹಿಂದೆ ಬಡಿಯುತ್ತಿತ್ತು, ಅದರ ಪರಿವೆಯೇ ಅವರಿಗಿರಲಿಲ್ಲ.

ಅವರ ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಸಣ್ಣ ಮೈಕಟ್ಟು, ಮೆಲ್ಲನೆಯ ಮಾತು, ಕೊರಳಲ್ಲಿ ಸದಾ ಅಳತೆ ಟೇಪು. ಅವರಿಗೆ ಇದ್ದದ್ದು ಒಂದೇ ಹುಚ್ಚು, ಒಂದು ಹಳೆಯ ಕಪ್ಪು ಬಿಳುಪು ಸಿನಿಮಾ. ಮಾಡದ ತಪ್ಪಿಗೆ ಜೈಲು ಸೇರಿದ ಒಬ್ಬ ಮನುಷ್ಯ ಚಮಚದಲ್ಲಿ ಗೋಡೆ ಕೊರೆದು, ಹಾಸಿಗೆ ಬಟ್ಟೆಯ ಹಗ್ಗ ಇಳಿದು, ಹೊಳೆ ಈಜಿ ತಪ್ಪಿಸಿಕೊಳ್ಳುವ ಕತೆ. ಎಲ್ಲಿ ಹಾಕಿದರೂ ಹೋಗಿ ನೋಡುತ್ತಿದ್ದರು. ಹೋದ ವರ್ಷದ ಹೊತ್ತಿಗೆ ಹದಿನಾಲ್ಕು ಸಲ ಆಗಿತ್ತು.

ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನೂ ಕರೆದಿದ್ದರು.

"ವಾರಕ್ಕೆ ಆರು ದಿನ ಜೈಲಲ್ಲೇ ಇರ್ತೀನಿ. ರಜಾ ದಿನಾನೂ ಟಿಕೆಟ್ ತಗೊಂಡು ಜೈಲಿಗೆ ಹೋಗ್ಬೇಕಾ?" ಎಂದಿದ್ದರು ವಾರ್ಡರಮ್ಮ.

ಅಲ್ಲಿಗೆ ಆ ಮಾತು ಮುಗಿದಿತ್ತು. ಆಮೇಲೆ ಟೈಲರ್ ಹಿಂದಿನ ಮನೆಯ ಮೇಷ್ಟ್ರ ಜೊತೆ ಹೋಗುತ್ತಿದ್ದರು.

ಹೋದ ವರ್ಷ ಬೀದಿಯ ಲೈಬ್ರರಿಯ ಮೇಲಿನ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ ಮೂರಕ್ಕೆ ಹಳೆಯ ಸಿನಿಮಾ ತೋರಿಸುವ ಏರ್ಪಾಡಾಯಿತು. ಸಿನಿಮಾ ಮುಗಿದ ಮೇಲೆ ಎಲ್ಲರೂ ಕೂತು ಅಭಿಪ್ರಾಯ ಹೇಳಬೇಕು. ಇದು ಲೈಬ್ರರಿ ಮೇಡಂ ಮಾಡಿದ ನಿಯಮ. ಮೂರನೆಯ ತಿಂಗಳಿಗೆ ಟೈಲರ್ ಅವರ ಮೆಚ್ಚಿನ ಸಿನಿಮಾದ ಸರದಿ ಬಂತು. ಆದರೆ ಅದೇ ವಾರ ಮೇಷ್ಟ್ರ ಮಂಡಿಗೆ ಆಪರೇಷನ್ ಆಯಿತು. ಆ ಭಾನುವಾರ ಟೈಲರ್ ಇಡೀ ಬೆಳಿಗ್ಗೆ ಒಂದೇ ಅಂಗಿಯ ಕಾಲರನ್ನು ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಮಾಡುತ್ತಿದ್ದರು. ವಾರ್ಡರಮ್ಮ ಬಾಗಿಲಲ್ಲಿ ನಿಂತು ನೋಡಿದರು.

"ನಡೀರಿ, ನಾನೇ ಬರ್ತೀನಿ. ಆ ಕಾಲರ್ ಪ್ರಾಣ ಬಿಡೋದು ಬೇಡ."

"ನಿಜವಾಗ್ಲೂ? ಮಧ್ಯದಲ್ಲಿ ಎದ್ದು ಬರಬಾರದು ಮತ್ತೆ."

"ಬರಲ್ಲ. ನಿದ್ದೆ ಬಂದ್ರೆ ಮಾತ್ರ ಎಬ್ಬಿಸ್ಬೇಡಿ."

ಹಾಲ್‌ನಲ್ಲಿ ನಲವತ್ತು ಮಡಚುವ ಕುರ್ಚಿಗಳಿದ್ದವು, ಮೂವತ್ತು ತುಂಬಿದ್ದವು. ಕಿಟಕಿಗಳಿಗೆ ಕಪ್ಪು ಬಟ್ಟೆ ಹಾಕಿದ್ದರೂ ಒಂದು ಮೂಲೆಯಿಂದ ಬಿಸಿಲು ಇಣುಕುತ್ತಿತ್ತು. ಮೊದಲ ಅರ್ಧ ಗಂಟೆ ವಾರ್ಡರಮ್ಮ ಕೈಕಟ್ಟಿ ಕೂತು, ಯಾರೋ ತಮ್ಮ ಅಡುಗೆಮನೆಗೆ ಬಂದು ಅಡುಗೆ ಮಾಡುತ್ತಿದ್ದಾರೇನೋ ಎಂಬಂತೆ ನೋಡಿದರು. ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿದ್ದು ಸರಿಯಿಲ್ಲ ಎಂದು ಗೊಣಗಿದರು. ಕೈದಿಗಳ ಸಾಲು ಸೊಟ್ಟಗಿದೆ ಎಂದರು. ಟೈಲರ್ "ಶ್" ಎಂದರು.

ಆಮೇಲೆ ಆ ದೃಶ್ಯ ಬಂತು. ಕೈದಿ ಹೊದಿಕೆಯ ಕೆಳಗೆ ಬಟ್ಟೆಯ ಗಂಟಿಟ್ಟು ಗೋಡೆಯ ಕಿಂಡಿಯಲ್ಲಿ ನುಸುಳಿದ್ದಾನೆ. ಪಹರೆಯವನು ಟಾರ್ಚ್ ಹಿಡಿದು ಬರುತ್ತಾನೆ. ಸರಳುಗಳ ಆಚೆಯಿಂದ ಬೆಳಕು ಬಿಡುತ್ತಾನೆ. ಹೊದಿಕೆ ಅಲುಗುವುದಿಲ್ಲ. ಹಾಲ್‌ನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಪಹರೆಯವನು ಆಕಳಿಸಿ ಮುಂದಕ್ಕೆ ಕಾಲಿಟ್ಟ.

"ಏಯ್! ಒಳಗೆ ಹೋಗಿ ಮುಟ್ಟಿ ನೋಡೋ, ದಡ್ಡ!"

ಇಪ್ಪತ್ತೊಂಬತ್ತು ವರ್ಷ ಉದ್ದದ ಮೊಗಸಾಲೆಗಳಲ್ಲಿ ಪಳಗಿದ ಗಂಟಲು ಅದು. ಮುಂದಿನ ಸಾಲಿನ ಹುಡುಗಿಯ ಕೈಯಿಂದ ನೀರಿನ ಬಾಟಲಿ ಬಿತ್ತು. ಮರುಕ್ಷಣ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಟೈಲರ್ ಕುರ್ಚಿಯಲ್ಲಿ ಜಾರಿ ಜಾರಿ ಕಾಣದಷ್ಟು ಕೆಳಗಿಳಿದರು. ವಾರ್ಡರಮ್ಮನಿಗೆ ಕಿವಿ ಬಿಸಿಯಾಯಿತು. ಆದರೂ "ಮುಟ್ಟಿ ನೋಡದೆ ಹೋದ್ರೆ ಅದೆಂಥ ಪಹರೆ" ಎಂದು ತಗ್ಗಿದ ದನಿಯಲ್ಲಿ ಹೇಳಿಯೇ ತೀರಿದರು.

ಕೊನೆಗೆ ಕೈದಿ ಹೊಳೆಗಿಳಿದ. ದಡದಲ್ಲಿ ನಾಯಿಗಳು, ನೀರಿನ ಮೇಲೆ ಓಡಾಡುವ ದೀಪದ ಬೆಳಕು. ಟೈಲರ್‌ಗೆ ಪ್ರತಿ ಅಲೆಯೂ ಬಾಯಿಪಾಠ. ತಮ್ಮ ತೋಳು ನೋಯತೊಡಗಿದಾಗ ಪರದೆ ಬಿಟ್ಟು ಪಕ್ಕಕ್ಕೆ ತಿರುಗಿದರು. ಹೆಂಡತಿ ಅದನ್ನು ಎರಡೂ ಕೈಯಿಂದ ಹಿಡಿದು ಹಿಂಡುತ್ತಿದ್ದರು. ತುಟಿ ಅಲುಗುತ್ತಿತ್ತು.

"ತಲೆ ತಗ್ಗಿಸು... ತಗ್ಗಿಸು ಮಾರಾಯ... ಬಂತು ಲೈಟು..."

ಟೈಲರ್ ತೋಳನ್ನು ಎಳೆದುಕೊಳ್ಳಲಿಲ್ಲ.

ಕಿಟಕಿಯ ಬಟ್ಟೆ ಸರಿಸಿ ಎಲ್ಲರೂ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡರು. ಲೈಬ್ರರಿ ಮೇಡಂ ಒಬ್ಬೊಬ್ಬರನ್ನೇ ಕೇಳಿದರು. ಅಲ್ಲಿದ್ದ ಒಬ್ಬ ಗಾರೆ ಕೆಲಸದವನಿಗೆ ಸಿನಿಮಾಕ್ಕಿಂತ ಗೋಡೆಯ ಮೇಲೆ ಸಿಟ್ಟು.

"ಚಮಚದಲ್ಲಿ ಕೆರೆದ್ರೆ ಉದುರುತ್ತೆ ಅಂದ್ರೆ ಅದ್ರಲ್ಲಿ ಸಿಮೆಂಟೇ ಇಲ್ಲ ಅಂತ ಅರ್ಥ. ಮೊದಲು ಕಂಟ್ರಾಕ್ಟರನ್ನ ಒಳಗೆ ಹಾಕ್ಬೇಕಿತ್ತು!"

ಬಾಟಲಿ ಬೀಳಿಸಿದ ಹುಡುಗಿ ಕಾಲೇಜಿನವಳು. ಎರಡು ಗಂಟೆಯ ಸಿನಿಮಾದಲ್ಲಿ ಒಬ್ಬ ಹೆಂಗಸಿಗೂ ಒಂದು ಮಾತಿಲ್ಲವಲ್ಲ ಎಂದಳು. ಟೈಲರ್ ಎದ್ದು ನಿಂತು, ಹಾಸಿಗೆ ಬಟ್ಟೆಯನ್ನು ಅಡ್ಡಕ್ಕೆ ಹರಿದರೆ ಆಳಿನ ಭಾರ ತಡೆಯುವುದಿಲ್ಲ, ನಾಯಕ ಉದ್ದಕ್ಕೆ ಹರಿದಿದ್ದಾನೆ, ಆದ್ದರಿಂದಲೇ ಇದು ದೊಡ್ಡ ಸಿನಿಮಾ ಎಂದು ವಾದಿಸಿದರು. ಆಮೇಲೆ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ನೀವು ಹೇಳಿ ಅಮ್ಮಾ. ಮಧ್ಯದಲ್ಲೇ ಒಂದು ಅಭಿಪ್ರಾಯ ಕೊಟ್ಟುಬಿಟ್ರಿ," ಎಂದರು ಮೇಡಂ.

"ನಾನು ಜೈಲಲ್ಲಿದ್ದೆ," ಎಂದರು ವಾರ್ಡರಮ್ಮ.

ಹೊಸಬರು ಮುಖ ಮುಖ ನೋಡಿಕೊಂಡರು. ಟೈಲರ್ ಗಾಬರಿಯಿಂದ "ಕೆಲಸಕ್ಕೆ, ಕೆಲಸಕ್ಕೆ!" ಎಂದು ಸೇರಿಸಿದರು.

"ನಿಮ್ಮ ಕಾಲದಲ್ಲಿ ಯಾರಾದ್ರೂ ಓಡಿಹೋಗಿದ್ರಾ?" ಕಾಲೇಜು ಹುಡುಗಿ ಕೇಳಿದಳು.

ವಾರ್ಡರಮ್ಮ ಒಂದು ಬೆರಳೆತ್ತಿದರು.

"ಒಬ್ಬಳು. ಗೋಡೆ ಗೀಡೆ ಕೊರೀಲಿಲ್ಲ ಅವಳು. ನಾನೇ ಬಾಗಿಲು ತೆಗೆದು ಕಳಿಸಿದೆ."

ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಇಸ್ತ್ರಿ ಕೆಲಸಕ್ಕೆ ಹಾಕಿದ್ವಿ. ಡಾಕ್ಟರಮ್ಮನ ಬಟ್ಟೆ ಇಸ್ತ್ರಿಗೆ ಬಂದಿತ್ತು, ಅದನ್ನ ಉಟ್ಕೊಂಡ್ಲು. ಅವತ್ತು ಮನೆಯವರು ನೋಡೋಕೆ ಬರೋ ದಿನ, ಇನ್ನೂರು ಜನ. ಖಾಲಿ ಊಟದ ಡಬ್ಬಿ ಹಿಡ್ಕೊಂಡು ಅವರ ಮಧ್ಯ ಸೇರ್ಕೊಂಡು ಗೇಟಿಗೆ ಬಂದ್ಲು. ಗೇಟಲ್ಲಿ ನಾನು. 'ಬರ್ತೀನಿ ಅಕ್ಕ' ಅಂದ್ಲು. ನಾನು 'ಹುಷಾರಾಗಿ ಹೋಗಮ್ಮ, ಮೆಟ್ಟಿಲು ನೋಡ್ಕೊ' ಅಂದೆ."

ಗಾರೆ ಕೆಲಸದವನು ತೊಡೆ ತಟ್ಟಿ ನಕ್ಕ. ಲೈಬ್ರರಿ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ವಾರ್ಡರಮ್ಮನಿಗೂ ಅಂಟಿತು.

"ಸಂಜೆ ಎಣಿಸಿದ್ರೆ ಒಂದು ತಲೆ ಕಮ್ಮಿ. ಮೂರನೇ ದಿನ ಪೊಲೀಸರಿಗೆ ಸುಳಿವು ಸಿಕ್ತು. ಗುರುತು ಹಿಡಿಯೋಕೆ ಅಂತ ನನ್ನನ್ನೂ ಕರ್ಕೊಂಡು ಹೋದ್ರು. ತಂಗಿ ಮನೆ. ತಂಗಿಗೆ ಹೆರಿಗೆಯಾಗಿ ವಾರ ಆಗಿತ್ತಂತೆ, ಬೇರೆ ದಿಕ್ಕಿಲ್ಲ. ಇವಳು ಕೂಸನ್ನ ಕಾಲ ಮೇಲೆ ಹಾಕ್ಕೊಂಡು ಸ್ನಾನ ಮಾಡಿಸ್ತಿದ್ಲು. ನನ್ನ ನೋಡಿ ಓಡಲಿಲ್ಲ. 'ಸೋಪು ತೊಳೆದುಬಿಡ್ತೀನಿ ಅಕ್ಕ, ಕಣ್ಣಿಗೆ ಹೋಗುತ್ತೆ' ಅಂದ್ಲು. ಅವಳಿಗೆ ಕೈ ಎರಡೇ ಅಲ್ವಾ? ನಾನು ನೀರು ಹುಯ್ದೆ."

"ಪೊಲೀಸರು?" ಕಾಲೇಜು ಹುಡುಗಿ ಕೇಳಿದಳು.

"ಹೊರಗೆ ನಿಲ್ಲಿಸಿದ್ದೆ. ಮಗು ಒರೆಸಿ, ಸುತ್ತಿ, ತಾಯಿ ಪಕ್ಕ ಮಲಗಿಸಿದ ಮೇಲೇ ಒಳಗೆ ಕರೆದಿದ್ದು. ಅವಳಿಗೆ ಆರು ತಿಂಗಳು ಜಾಸ್ತಿ ಆಯ್ತು. ನನಗೆ ಹಿಂಬಡ್ತಿ, ತೋಳಿನ ಪಟ್ಟಿ ಒಂದು ಹೋಯ್ತು."

ಟೈಲರ್ ಬಾಯಿ ತೆರೆದು ಕೂತಿದ್ದರು. ಆ ಪಟ್ಟಿಯನ್ನು ಸಮವಸ್ತ್ರದಿಂದ ಬಿಚ್ಚಿದವರು ಅವರೇ. ಮೂರು ವರ್ಷದ ನಂತರ ಮತ್ತೆ ಹೊಲಿದು ಕೊಟ್ಟವರೂ ಅವರೇ.

"ಹಾಗಾದ್ರೆ ಸಿನಿಮಾ ಹೇಗಿತ್ತು ಅಮ್ಮಾ?" ಮೇಡಂ ಬಿಡಲಿಲ್ಲ.

"ಆ ಪಹರೆಯವನಿಗೆ ಕೆಲಸ ಗೊತ್ತಿಲ್ಲ, ಅಷ್ಟೆ," ಎಂದರು ವಾರ್ಡರಮ್ಮ. "ಆದ್ರೆ ಅವನು ನೀರಿಗೆ ಬಿದ್ದಾಗ ಸಿಕ್ಕಬಾರದು ಅನ್ನಿಸ್ಬಿಡ್ತು. ಇಷ್ಟು ವರ್ಷ ಸಂಬಳ ತಗೊಂಡು ಹೀಗೆ ಅನ್ನಿಸಬಹುದಾ ಅಂತ ನಾಚಿಕೆನೂ ಆಯ್ತು. ಚೆನ್ನಾಗಿದೆ ಸಿನಿಮಾ. ಇವರು ಅವತ್ತು ಕರೆದಾಗಲೇ ಬರಬೇಕಿತ್ತು."

ಮೊದಲು ಚಪ್ಪಾಳೆ ಹೊಡೆದದ್ದು ಗಾರೆ ಕೆಲಸದವನು.

ಮನೆಗೆ ಮರಳುವಾಗ ಬೇಕರಿಯ ತಿರುವಿನಲ್ಲಿ ಟೈಲರ್ ನಿಂತರು.

"ಮಗುವಿನ ಕತೆ ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ಪಟ್ಟಿ ಯಾಕೆ ಹೋಯ್ತು ಅಂತ. ಒಬ್ಬಳು ತಪ್ಪಿಸಿಕೊಂಡ್ಲು ಅಂದೆ. ಆಮೇಲೆ ನೀವು ಮತ್ತೇನೂ ಕೇಳಲಿಲ್ಲ."

"ನಿನಗೆ ಬೇಜಾರಾಗುತ್ತೇನೋ ಅಂತ ಸುಮ್ಮನಿದ್ದೆ ಕಣೇ."

"ನೀವು ಬೇಜಾರು ಮಾಡ್ಕೋತೀರೇನೋ ಅಂತ ನಾನೂ ಸುಮ್ಮನಿದ್ದೆ."

ಇಬ್ಬರಿಗೂ ಒಟ್ಟಿಗೇ ನಗು ಬಂತು. ಬೇಕರಿಯಲ್ಲಿ ಎರಡು ಕಪ್ ಚಹಾ ಹೇಳಿ, ಬೆಂಚಿನ ಮೇಲೆ ಕತ್ತಲಾಗುವವರೆಗೆ ಕೂತರು. ಆ ಹೆಂಗಸಿನ ಮುಂದಿನ ಕತೆಯನ್ನು ಟೈಲರ್ ಬಿಡಿಸಿ ಬಿಡಿಸಿ ಕೇಳಿದರು. ಬಿಡುಗಡೆಯಾದ ಮೇಲೆ ಆಕೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಳು. ದಾರಿಯಲ್ಲಿ ಸಿಕ್ಕಾಗಲೆಲ್ಲ ವಾರ್ಡರಮ್ಮನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದಳು.

ಮೇಷ್ಟ್ರು ಕೋಲೂರಿಕೊಂಡು ಬರುವಷ್ಟಾದಾಗ, ತಾವಿಲ್ಲದ ದಿನವೇ ಇಂಥ ಆಟ ನಡೆಯಿತಲ್ಲ ಎಂದು ಹೊಟ್ಟೆಕಿಚ್ಚು ಪಟ್ಟರು. ಮುಂದಿನ ತಿಂಗಳಿನ ಸಿನಿಮಾಕ್ಕೆ ಮೂವರೂ ಹೋದರು. ಅದು ಹಡಗು ಮುಳುಗುವ ಕತೆ. ವಾರ್ಡರಮ್ಮ ಹಡಗು ಹತ್ತಿದವರಲ್ಲ, ಸಮುದ್ರ ಕಂಡವರೂ ಅಲ್ಲ. ಅಭಿಪ್ರಾಯ ಹೇಳುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಎದ್ದು ನಿಂತು, ಕ್ಯಾಪ್ಟನ್ ಎಲ್ಲೆಲ್ಲಿ ತಪ್ಪಿದ ಎಂದು ಇಪ್ಪತ್ತು ನಿಮಿಷ ಮಾತಾಡಿದರು.