ಮಕ್ಕಾದ ಓಣಿಯಲ್ಲಿ ಫಕ್ರುನ್ನಿಸಾ

ಮಣ್ಣೂರಿನ ಫಕ್ರುನ್ನಿಸಾ ಐವತ್ತು ದಾಟುವವರೆಗೂ ಒಬ್ಬಳೇ ಸಂತೆಗೆ ಹೋದವಳಲ್ಲ. ಅಫಜಲಪುರದ ಸಂತೆಯನ್ನು ಗಂಡ ಲಾಡ್ಲೆಸಾಬನೇ ಮಾಡಿಕೊಂಡು ಬರುತ್ತಿದ್ದ. ಅವನು ಭೀಮಾ ನದಿಯಲ್ಲಿ ದೋಣಿ ನಡೆಸುವವನು. ಇವಳು ಊರವರ ಹಳೆಯ ಸೀರೆ, ಧೋತರಗಳನ್ನು ಕೂಡಿಸಿ ಕೌದಿ ಹೊಲಿಯುವವಳು. ಮನೆಯಲ್ಲಿ ಇಬ್ಬರೂ ಆಡುತ್ತಿದ್ದದ್ದು ಕನ್ನಡವೇ. ಉರ್ದು ಏನಿದ್ದರೂ ಗುಲಬರ್ಗಾದ ನೆಂಟರು ಬಂದಾಗ ನಾಲ್ಕು ಮಾತಿಗಷ್ಟೇ. ೧೯೮೩ರಲ್ಲಿ, ಬಹಳ ವರ್ಷಗಳ ಆಸೆ ಕೈಗೂಡಿ, ಇಬ್ಬರೂ ಮುಂಬಯಿಯಲ್ಲಿ ಹಡಗು ಹತ್ತಿ ಹಜ್‌ಗೆ ಹೋದರು.

ಹಜ್ ಸುಸೂತ್ರವಾಗಿ ಮುಗಿಯಿತು. ಆದರೆ ಹಾಜಿಗಳು ತಂಗುವ ಮಿನಾದ ಡೇರೆಯಲ್ಲಿ ಯಾರದೋ ಕಾಲು ಬಿದ್ದು ಲಾಡ್ಲೆಸಾಬನ ಕನ್ನಡಕ ಮುರಿಯಿತು. ಮಕ್ಕಾದ ಕೋಣೆಗೆ ಮರಳಿದ ಮೇಲೆ ಜ್ವರವೂ ಬಂತು. ಮಲಗಿದಲ್ಲೇ ಕುರಾನ್ ಬಿಚ್ಚಿ ಕಣ್ಣಿಗೆ ಹತ್ತಿರ ಹಿಡಿಯುವನು, ಅಕ್ಷರ ಕಾಣದೆ ಮುಚ್ಚಿಡುವನು. ಎರಡು ದಿನ ಇದನ್ನು ನೋಡಿದ ಫಕ್ರುನ್ನಿಸಾ ಮೂರನೆಯ ದಿನ ಮುರಿದ ಕನ್ನಡಕವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

"ನಾ ಹೋಗಿ ಚಸ್ಮಾ ಮಾಡಿಸ್ಕೊಂಡು ಬರ್ತೇನಿ. ಜ್ವರದ ಗುಳಗಿನೂ ತರ್ತೇನಿ."

"ನೀನಾ? ಹಾದಿ ತಿಳೀತದೇನು ನಿನಗ?"

"ಎಲ್ಲೆಲ್ಲಿ ತಿರುಗಿದೆ ಅಂತ ನೆಪ್ಪಿಟ್ಕೊಂಡು ಹೋಗ್ತೇನಿ. ನೀವು ಮಲಕೋರಿ."

ಹೇಳಿದಂತೆಯೇ ಮಾಡಿದಳು. ಓದು ಬಾರದು, ಹಾಗಾಗಿ ಅಂಗಡಿಗಳನ್ನೇ ಗುರುತು ಇಟ್ಟುಕೊಂಡಳು. ಕೆಂಪು ಕಂಬಳಿ ತೂಗುಹಾಕಿದ ಅಂಗಡಿಯಲ್ಲಿ ಎಡಕ್ಕೆ, ಸೂಟ್‌ಕೇಸು ಒಟ್ಟಿದ ಅಂಗಡಿಯಲ್ಲಿ ಬಲಕ್ಕೆ, ಅತ್ತರಿನ ವಾಸನೆ ಬಂದಲ್ಲಿ ನೆಟ್ಟಗೆ. ಕನ್ನಡಕದ ಅಂಗಡಿಯವನಿಗೆ ಉರ್ದು ಬರುತ್ತಿತ್ತು. ಒಡೆದ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಸ್ವಲ್ಪ ಹೊತ್ತು ಬಿಟ್ಟು ಬರಲು ಹೇಳಿದ. ಅಷ್ಟರಲ್ಲಿ ಅವಳು ಗುಳಿಗೆ ಕೊಂಡಳು, ಗಂಡನ ಒಡೆದ ಹಿಮ್ಮಡಿಗೆ ಮೆತ್ತನೆಯ ಚಪ್ಪಲಿ ಆರಿಸಿದಳು. ತನ್ನ ಕೆಲಸ ತಾನೇ ಮಾಡಿಕೊಳ್ಳುವುದು ಇಷ್ಟು ಸಲೀಸೇ ಎಂದು ಒಳಗೊಳಗೇ ಹಿಗ್ಗಿದಳು.

ಕನ್ನಡಕ ಕೈಗೆ ಬರುವುದಕ್ಕೂ ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಕೂಗುವುದಕ್ಕೂ ಸರಿಹೋಯಿತು. ಜನ ರಸ್ತೆಯಲ್ಲೇ ಸಾಲುಗಟ್ಟಿದರು. ಹೆಂಗಸರ ಗುಂಪಿನಲ್ಲಿ ಅವಳೂ ನಮಾಜು ಮಾಡಿ ಎದ್ದು ನೋಡಿದರೆ, ನಮಾಜಿನ ಹೊತ್ತೆಂದು ಬಜಾರಿನ ಶಟರುಗಳೆಲ್ಲ ಕೆಳಗಿಳಿದಿದ್ದವು. ಕಂಬಳಿ ಇಲ್ಲ, ಸೂಟ್‌ಕೇಸಿಲ್ಲ, ಎಲ್ಲ ಬಾಗಿಲೂ ಒಂದೇ ಥರ. ಜನರ ನೂಕಾಟದಲ್ಲಿ ಯಾವುದೋ ಓಣಿ ಹಿಡಿದಳು, ಅಲ್ಲಿಂದ ಇನ್ನೊಂದು. ಅಂಗಡಿಗಳು ಮತ್ತೆ ತೆರೆಯುವ ಹೊತ್ತಿಗೆ ಅವಳು ಎಂದೂ ಕಾಣದ ಜಾಗದಲ್ಲಿದ್ದಳು. ಹಾಜಿಗಳಿಗೆ ಕೊಟ್ಟಿದ್ದ ಕಟ್ಟಡದ ನಂಬರಿನ ಚೀಟಿಗಾಗಿ ಕೊರಳು ಮುಟ್ಟಿ ನೋಡಿಕೊಂಡಳು. ಬೆಳಿಗ್ಗೆ ಸ್ನಾನಕ್ಕೆಂದು ತೆಗೆದದ್ದು ಕೋಣೆಯ ಗೂಟದಲ್ಲೇ ಉಳಿದಿತ್ತು.

ರಸ್ತೆಯ ಅಂಚಿನಲ್ಲಿ ಆಫ್ರಿಕಾದ ಹೆಂಗಸೊಬ್ಬಳು ನಾಲ್ಕು ಕೋಲಿಗೆ ಬಟ್ಟೆ ಕಟ್ಟಿ, ಅದರ ನೆರಳಲ್ಲಿ ಹುರಿದ ಶೇಂಗಾ ಮಾರುತ್ತ ಕೂತಿದ್ದಳು. ಫಕ್ರುನ್ನಿಸಾಳ ಮುಖ ನೋಡಿ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು, ನೀರು ಕೊಟ್ಟಳು. ನೀರು ಕುಡಿಯುತ್ತಲೇ ಇವಳಿಗೆ ಅಳು ಬಂತು. ಆ ಹೆಂಗಸು ತನ್ನ ಎದೆ ಮುಟ್ಟಿಕೊಂಡು "ಹವ್ವಾ" ಎಂದಳು. ಇವಳೂ ತನ್ನ ಹೆಸರು ಹೇಳಿದಳು. ಅಲ್ಲಿಗೆ ಇಬ್ಬರ ಮಾತೂ ಮುಗಿಯಿತು.

ಗಾಳಿಗೆ ತಲೆಯ ಮೇಲಿನ ಬಟ್ಟೆಯ ಹೊಲಿಗೆ ಬಿಚ್ಚಿ ಪಟಪಟ ಬಡಿಯುತ್ತಿತ್ತು. ಫಕ್ರುನ್ನಿಸಾಗೆ ತಡೆಯಲಾಗಲಿಲ್ಲ. ಕುಪ್ಪಸದ ಅಂಚಿಗೆ ಸದಾ ಚುಚ್ಚಿಟ್ಟುಕೊಳ್ಳುತ್ತಿದ್ದ ಸೂಜಿ ತೆಗೆದಳು, ಅದಕ್ಕೇ ಸುತ್ತಿದ ದಾರ ಬಿಚ್ಚಿದಳು, ಎದ್ದುನಿಂತು ಕೌದಿಗೆ ಹಾಕುವ ಹೊಲಿಗೆಯನ್ನೇ ಹಾಕಿದಳು. ಕೈಗೆ ಕೆಲಸ ಸಿಕ್ಕಿದ್ದೇ ಎದೆಯ ಡವಡವ ಇಳಿಯಿತು. ತಲೆಯೂ ನಿಚ್ಚಳವಾಯಿತು. ತಾವಿರುವ ಕಟ್ಟಡದ ಕೆಳಗೆ ರೊಟ್ಟಿ ಸುಡುವ ಭಟ್ಟಿ ಇದೆ, ಎದುರಿಗೆ ಪಾರಿವಾಳಗಳಿಗೆ ಕಾಳು ಹಾಕುವ ಬಯಲಿದೆ! ಅವಳು ಅಂಗೈಯಲ್ಲಿ ರೊಟ್ಟಿ ತಟ್ಟಿ ತೋರಿಸಿದಳು, ಎರಡೂ ತೋಳು ರೆಕ್ಕೆಯಂತೆ ಬಡಿದಳು, ಕಾಳು ಎರಚಿದಳು. ಹವ್ವಾ ಮೊದಲು ನಕ್ಕಳು. ಆಮೇಲೆ ಏನೋ ಹೊಳೆದವಳಂತೆ ಎದ್ದು, ಪಕ್ಕದವಳಿಗೆ ಶೇಂಗಾ ನೋಡಿಕೊಳ್ಳಲು ಹೇಳಿ, ಇವಳ ಕೈ ಹಿಡಿದು ಹೊರಟೇಬಿಟ್ಟಳು.

ದಾರಿಯಲ್ಲಿ ಥರ್ಮಾಸ್ ಫ್ಲಾಸ್ಕು ಇಟ್ಟ ಅಂಗಡಿ ಕಂಡು ಫಕ್ರುನ್ನಿಸಾಳ ಕಾಲು ನಿಂತವು. ಊರಲ್ಲಿ ನೆರೆಮನೆಯ ಗುರಮ್ಮ ಇವರ ಎಮ್ಮೆಯನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡು ಮೇವು ನೀರು ನೋಡುತ್ತಿದ್ದಳು. ಹೊಲಕ್ಕೆ ಒಯ್ದ ಚಹಾ ಆರಿಹೋಗುತ್ತದೆ ಎಂಬುದು ಗುರಮ್ಮನ ದಿನದ ದೂರು. ಅಂಗಡಿಯವನು ಬೆಲೆ ಹೇಳಿದ್ದೇ ತಡ, ಹವ್ವಾ ಸೊಂಟಕ್ಕೆ ಕೈಯಿಟ್ಟು ಅವನೊಡನೆ ಜಗಳಕ್ಕೆ ನಿಂತಳು. ಇವಳು ಬಾಯಿ ತೆರೆಯುವುದೇ ಬೇಕಾಗಲಿಲ್ಲ. ಹೂವಿನ ಚಿತ್ರದ ಫ್ಲಾಸ್ಕು ಅರ್ಧ ಬೆಲೆಗೆ ಕೈಗೆ ಬಂತು.

ಭಟ್ಟಿಯ ಹೊಗೆ, ಪಾರಿವಾಳಗಳು, ತಮ್ಮ ಮೆಟ್ಟಿಲು. ಫಕ್ರುನ್ನಿಸಾ ಹವ್ವಾಳನ್ನು ತಬ್ಬಿಕೊಂಡಳು. ಒಳಗೆ ಕರೆದರೆ ಬರಲಿಲ್ಲ, ವ್ಯಾಪಾರ ಬಿಟ್ಟು ಬಂದಿದ್ದಳಲ್ಲ. ಇವಳು ಸೂಜಿಯನ್ನು ಕುಪ್ಪಸದಿಂದ ಬಿಡಿಸಿ ಅವಳ ಕೈಗಿಟ್ಟಳು. ಹವ್ವಾ ಅದನ್ನು ತನ್ನ ತಲೆವಸ್ತ್ರಕ್ಕೆ ಸಿಕ್ಕಿಸಿಕೊಂಡು, ತಿರುಗಿ ತಿರುಗಿ ಕೈಬೀಸುತ್ತ ಹೋದಳು.

ಲಾಡ್ಲೆಸಾಬ ಬಾಗಿಲಲ್ಲೇ ಗೋಡೆ ಹಿಡಿದು ನಿಂತಿದ್ದ. "ಎಲ್ಲಿ ಹೋಗಿದ್ದಿ? ಜೀವನೇ ಹಾರಿತ್ತು ನಂದು."

"ಹಾದಿ ತಪ್ಪಿತ್ರಿ. ಅಲ್ಲಾ ಒಬ್ಬಾಕಿನ್ನ ಕಳಿಸಿದ," ಎಂದು ಕನ್ನಡಕ ಅವನ ಮೂಗಿಗೇರಿಸಿದಳು.

ಆ ಸಂಜೆ ಅವನು ಎದ್ದು ಕೂತು ಬಹಳ ಹೊತ್ತು ಕುರಾನ್ ಓದಿದ. ಅವಳು ಕೇಳುತ್ತ ಅವನ ಹಿಮ್ಮಡಿಗೆ ಎಣ್ಣೆ ಹಚ್ಚಿದಳು.

ಊರಿಗೆ ಬಂದ ಮೇಲೆ ನಮಾಜು ಮುಗಿಸಿ ಬೇಡಿಕೊಳ್ಳುವ ದುವಾದಲ್ಲಿ ಅವಳು ಹವ್ವಾಳ ಹೆಸರನ್ನು ಒಂದು ದಿನವೂ ಬಿಡಲಿಲ್ಲ. ಮಣ್ಣೂರಿನಲ್ಲಿ ಬಸ್ಸಿಳಿದ ಹೊಸಬರು ಯಾರದಾದರೂ ಮನೆ ಕೇಳಿದರೆ, ಕೈ ತೋರಿಸಿ ಸುಮ್ಮನಿರುವುದು ಅವಳಿಂದ ಆಗುತ್ತಿರಲಿಲ್ಲ. ಹೊಲಿಯುತ್ತಿದ್ದ ಕೌದಿ ಮಡಚಿಟ್ಟು ಏಳುವಳು.

"ಮೊಣಕಾಲು ನೋಯ್ತಾವ ಅಂತಿ, ಮತ್ತ ಎಲ್ಲಿಗಿ ಹೊಂಟಿ ಬೇ?" ಎಂದು ಗುರಮ್ಮ ಬೈಯುವಳು.

"ಪಾಪ, ಹೊಸಬರು. ಮನಿ ತನಕ ಬಿಟ್ಟು ಬರ್ತೇನಿ ತಡಿ," ಎನ್ನುತ್ತ ಫಕ್ರುನ್ನಿಸಾ ಅವರ ಕೈಯ ಚೀಲವನ್ನೂ ಇಸಿದುಕೊಂಡು ಮುಂದೆ ನಡೆಯುವಳು.