ಎರಡನೆಯ ಸೊಲ್ಲಿನ ಜಾಗ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಾಗರದ ಮನೆಯಲ್ಲಿ ಅಮ್ಮ ಹೇಳುತ್ತಿದ್ದಳು. ರೇಡಿಯೋ ನಿಲಯದಲ್ಲಿ ನಮ್ಮ ಸಾಹೇಬರೂ ಅದನ್ನೇ ಹೇಳುತ್ತಿದ್ದರು. ಒಬ್ಬರ ಮುಖ ಇನ್ನೊಬ್ಬರು ನೋಡಿದವರಲ್ಲ, ಆದರೂ ಇಬ್ಬರದೂ ಒಂದೇ ಮಾತು ಅಂದಮೇಲೆ ನಿಜವೇ ಇರಬೇಕು. ಇರಲಿ ಬಿಡಿ. ಆ ಕೋಪ ಇಲ್ಲದಿದ್ದರೆ ನಾನು ಆಯುಷ್ಯವಿಡೀ ಪೇಟೆ ಧಾರಣೆ ಓದಿಕೊಂಡೇ ಇರುತ್ತಿದ್ದೆ.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಉದ್ಘೋಷಕಿಯಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ದಿನಾ ಸಂಜೆ ಆರೂವರೆಗೆ ಮೈಕಿನ ಮುಂದೆ ಕೂತು ಅಡಿಕೆ, ಮೆಣಸು, ಬೆಲ್ಲದ ಧಾರಣೆ ಓದುವುದು ನನ್ನ ಕೆಲಸ. ಸಾಗರದ ಜವಳಿ ಅಂಗಡಿಯವರ ಮಗಳಿಗೆ ಧಾರಣೆ ಓದಲು ಯಾರೂ ಕಲಿಸಬೇಕಾಗಿರಲಿಲ್ಲ, ಆದರೆ ನನಗೆ ಬೇಕಾಗಿದ್ದದ್ದು ಹಾಡು! ನಮ್ಮ ಅಂಗಡಿಗೆ ಮದುವೆ ಸೀರೆ ಕೊಳ್ಳಲು ಬರುತ್ತಿದ್ದ ಹಳ್ಳಿ ಹೆಂಗಸರು ಸೀರೆ ಆರಿಸುತ್ತ ಆರಿಸುತ್ತ ಎರಡು ಸೊಲ್ಲು ಸೋಬಾನೆ ಗುನುಗಿಬಿಡುತ್ತಿದ್ದರು. ಅದು ನನ್ನ ಕಿವಿಯಲ್ಲೇ ಉಳಿದಿತ್ತು. ಅವರನ್ನು ಮಾತಾಡಿಸಿ, ಹಾಡಿಸಿ, ರೇಡಿಯೋದಲ್ಲಿ ಕೇಳಿಸಬೇಕು ಎಂದು ಸಾಹೇಬರ ಪ್ರಾಣ ತಿಂದೆ.

“ಹಳ್ಳಿ ಹಾಡು ಹಳ್ಳಿಯವರಿಗೆ ಗೊತ್ತೇ ಇದೆ, ಪೇಟೆಯವರಿಗೆ ಬೇಕಿಲ್ಲ. ಕೇಳೋರು ಯಾರಮ್ಮಾ?” ಎಂದು ಅವರು ಪ್ರತಿಸಲವೂ ನಗುತ್ತಿದ್ದರು. ಕೊನೆಗೆ ನನ್ನ ಕಾಟ ತಾಳಲಾರದೆ ಒಂದು ದಿನ ಹೇಳಿದರು: “ಒಂದು ವಾರ ವ್ಯಾನು ಕೊಡ್ತೀನಿ. ಹದಿನೈದು ನಿಮಿಷದ ಸ್ವಚ್ಛವಾದ ಕಾರ್ಯಕ್ರಮ ತಗೊಂಡು ಬಾ. ಚೆನ್ನಾಗಿದ್ದರೆ ವಾರ ವಾರ ನಿನ್ನದೇ. ಇಲ್ಲ ಅಂದ್ರೆ ಧಾರಣೆ ಓದಿಕೊಂಡು ತೆಪ್ಪಗಿರಬೇಕು.”

ತೆಪ್ಪಗಿರುವುದಂತೆ! ನಾನು ಮಾರನೆಯ ಬೆಳಿಗ್ಗೆಯೇ ಹೊರಟೆ. ಜೊತೆಗೆ ಮೈಸೂರಿನ ಕಡೆಯ ಒಬ್ಬ ಎಂಜಿನಿಯರು, ಒಂದು ಮೈಕು, ಹಸುವಿನ ಕರುವಿನಷ್ಟು ಭಾರದ ಟೇಪ್ ರೆಕಾರ್ಡರು, ಮೂರೇ ಮೂರು ಸ್ಪೂಲು ಟೇಪು.

ಸಾಗರದಲ್ಲಿ ಡೊಳ್ಳಿನವರನ್ನು ಕರೆಸಿದೆವು. ಮೊದಲ ಪೆಟ್ಟಿಗೇ ಎಂಜಿನಿಯರು ಹೆಡ್‌ಫೋನು ಕಿತ್ತೆಸೆದು ಕಿವಿ ಮುಚ್ಚಿಕೊಂಡರು. ಟೇಪಿನಲ್ಲಿ ಡೊಳ್ಳಿನ ಬದಲು ಲಾರಿ ಗುದ್ದಿದ ಸದ್ದು ಬಂದಿತ್ತು. ಒಂದು ಸ್ಪೂಲು ಹೋಯಿತು. ಹೊಸನಗರದಲ್ಲಿ ಹಾಡುವವರು ನನ್ನ ಮುಂದೆ ಚೆನ್ನಾಗಿಯೇ ಹಾಡಿ, ಮೈಕು ಕಂಡ ಕೂಡಲೇ ಶಾಲೆಯ ಪಾಠ ಒಪ್ಪಿಸುವವರ ಹಾಗೆ ನಿಂತುಬಿಟ್ಟರು. ಎರಡನೆಯದೂ ಹೋಯಿತು. ಅಲ್ಲೇ ಯಾರೋ ಹೇಳಿದರು: “ಸೋಬಾನೆ ಅಂದ್ರೆ ನಿಟ್ಟೂರಿನ ಅಕ್ಕಂದು. ಆದ್ರೆ ಅವ್ರು ಹಾಡೂದು ಬಿಟ್ಟು ಎರಡು ವರ್ಷ ಆತು, ಕೇಳ್ಬೇಡಿ.”

ಕೇಳಬೇಡಿ ಎಂದರೆ ನಾನು ಸುಮ್ಮನಿರುವವಳೇ? ಮಧ್ಯಾಹ್ನದ ಹೊತ್ತಿಗೆ ವ್ಯಾನು ನಿಟ್ಟೂರಿನಲ್ಲಿತ್ತು.

ಅಕ್ಕನಿಗೆ ನಲವತ್ತೈದರ ಆಸುಪಾಸು. ಗಟ್ಟಿ ಆಳು. ಕಣದಲ್ಲಿ ಭತ್ತ ತೂರುತ್ತಿದ್ದವರು ಮೊರ ಕೆಳಗಿಡದೆಯೇ ನನ್ನ ಮಾತೆಲ್ಲ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

“ಇದ್ರಲ್ಲಿ ಹಾಡಿದ್ದು ಎಲ್ಲಿವರೆಗೆ ಕೇಳ್ತದೆ ತಂಗಿ?”

“ಎಲ್ಲಾ ಕಡೆ ಕೇಳತ್ತೆ ಅಕ್ಕಾ. ರೇಡಿಯೋ ಇದ್ದಲ್ಲೆಲ್ಲ.”

“ಭದ್ರಾವತಿಗೆ? ಶಿಕಾರಿಪುರಕ್ಕೆ? ತೀರ್ಥಳ್ಳಿಗೆ?”

“ಎಲ್ಲಾ ಊರಿಗೂ!”

“ಹಂಗಾರೆ ಹಾಡ್ತೀನಿ,” ಎಂದು ಮೊರ ಕೆಳಗಿಟ್ಟರು. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು.

ಶಾಲೆಯ ಕೋಣೆಯಲ್ಲಿ ಕೂತೆವು. ಗೋಡೆಯ ಮಾರ್ದನಿ ಬರಬಾರದೆಂದು ಎಂಜಿನಿಯರು ಊರಿನ ಕಂಬಳಿಗಳನ್ನೆಲ್ಲ ತರಿಸಿ ಕಿಟಕಿಗೆ ಕಟ್ಟಿಸಿದರು. ಹೊರಗೆ ಹೋಗುತ್ತಿದ್ದ ಒಬ್ಬ ಅಜ್ಜಿ “ಯಾರಿಗೆ ಜ್ವರ ಮಾರಾಯ್ರೆ?” ಎಂದು ಇಣುಕಿ ಹೋದಳು. ಉಳಿದಿದ್ದ ಒಂದೇ ಸ್ಪೂಲು ತಿರುಗತೊಡಗಿತು. ಅಕ್ಕ ಮಂಡಿಯ ಮೇಲೆ ಮೆಲ್ಲಗೆ ತಟ್ಟುತ್ತ ಸೊಲ್ಲೆತ್ತಿದರು.

ಹೊಳೆ ದಾಟಿ ಬರುವೋಳೆ ಹೊಸ ಸೀರೆ ನೆನೆದೀತು
ದೋಣೀಯ ನಡುವೆ ಕುಳಿತು ಬಾರೆ

ಅಬ್ಬಾ, ಎಂಥಾ ಗಂಟಲು! ನನ್ನ ಮೈಮೇಲಿನ ಕೂದಲು ನಿಂತಿತು. ಅಷ್ಟಕ್ಕೇ ಅಕ್ಕ ಸುಮ್ಮನಾದರು. ಎಂಜಿನಿಯರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಟಕ್ಕನೆ ಯಂತ್ರ ನಿಲ್ಲಿಸಿದರು.

“ಮರೆತುಹೋಯ್ತೇನಮ್ಮಾ? ಪರವಾಗಿಲ್ಲ, ಮೊದಲಿಂದ ಹೇಳಿ.”

ಅಕ್ಕ ಮೊದಲಿಂದ ಹೇಳಿದರು. ಎರಡು ಸಾಲು ಮುಗಿದ ಕೂಡಲೇ ಮತ್ತೆ ಸುಮ್ಮನಾದರು. ಯಂತ್ರ ಮತ್ತೆ ನಿಂತಿತು. ಮೂರನೆಯ ಸಲವೂ ಹಾಗೇ ಆದಾಗ ಅಕ್ಕನಿಗೆ ಸಿಟ್ಟು ಬಂತು.

“ಎಂತಕ್ಕೆ ಗಳಿಗೆಗೊಂದ್ಸಲ ನಿಲ್ಸ್ತೀರಿ? ನಾ ಮರ್ತಿಲ್ಲ. ಅವ್ಳು ಹೇಳಿ ಮುಗೀಬೇಕಲ್ಲ?”

“ಯಾರು ಅಕ್ಕಾ?”

“ನನ್ನ ಜೋಡಿ.”

ಆಗ ಕಥೆ ಹೊರಬಂತು. ಸೋಬಾನೆಯನ್ನು ಒಬ್ಬರೇ ಹಾಡುವ ಪದ್ಧತಿ ಅವರಲ್ಲಿಲ್ಲ. ಒಬ್ಬಳು ಸೊಲ್ಲೆತ್ತಬೇಕು, ಇನ್ನೊಬ್ಬಳು ಅದನ್ನೇ ಹಿಂದಿನಿಂದ ಹೇಳಬೇಕು. ಅಷ್ಟರಲ್ಲಿ ಮುಂದಿನವಳು ಉಸಿರು ತೆಗೆದುಕೊಂಡು ಮುಂದಿನ ನುಡಿ ನೆನಪು ಮಾಡಿಕೊಳ್ಳುತ್ತಾಳೆ. ಎಲ್ಲಾದರೂ ತಪ್ಪಿದರೆ ಹಿಂದಿನವಳು ಸರಿಯಾದದ್ದನ್ನೇ ಎತ್ತಿಕೊಂಡು ದಾರಿಗೆ ತರುತ್ತಾಳೆ. ಅಕ್ಕನಿಗೆ ಹೀಗೆ ಹಿಂದೆ ಹೇಳುತ್ತಿದ್ದವಳು ಎಳವೆಯ ಗೆಳತಿ. ಮದುವೆಯಾಗಿ ಶರಾವತಿ ದಂಡೆಯ ಊರಿಗೆ ಹೋಗಿದ್ದಳು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟುತ್ತಾರೆ, ನೀರು ನಿಲ್ಲುತ್ತದೆ ಎಂದು ಅಲ್ಲಿ ಸರ್ವೆ ಕಲ್ಲು ಬಿದ್ದದ್ದೇ ಅವಳ ಮನೆಯವರು ಗಂಟುಮೂಟೆ ಕಟ್ಟಿದ್ದರು.

“ಹೇಳಿ ಕಳ್ಸಿದ್ಲು. ನಾ ಓಡಿ ಹೋಗೂ ಹೊತ್ತಿಗೆ ಲಾರಿ ಹೊರಟೇ ಹೋಗಿತ್ತು. ಎಲ್ಲಿಗೆ ಅಂತ ಕೇಳಿದ್ರೆ ಒಬ್ಬ ಭದ್ರಾವತಿ ಅಂತಾನೆ, ಇನ್ನೊಬ್ಬ ಶಿಕಾರಿಪುರ ಅಂತಾನೆ. ಅವ್ಳಿಗೂ ಓದು ಬರಾ ಇಲ್ಲ, ನಂಗೂ ಇಲ್ಲ. ಕಾಗದ ಯಾರು ಯಾರಿಗೆ ಬರೀಬೇಕು?”

ನನಗೆ ಅಯ್ಯೋ ಎನಿಸಿತು. ಆದರೆ ಸ್ಪೂಲಿನಲ್ಲಿ ಉಳಿದದ್ದು ಇಪ್ಪತ್ತು ನಿಮಿಷ. ನನ್ನ ಕಾರ್ಯಕ್ರಮವೆಲ್ಲ ಅದರಲ್ಲೇ ಇತ್ತು. “ನಾನೇ ಹಿಂದೆ ಹೇಳ್ತೀನಿ ಅಕ್ಕಾ, ಸಾಗರದವಳು, ನನಗೂ ಬರತ್ತೆ,” ಎಂದೆ.

“ಬರ್ಬಹುದು ತಂಗಿ. ನಿನ್ನ ಗಂಟ್ಲು ಚೆನಾಗೇ ಇದೆ. ಆದ್ರೆ ಅವ್ಳು ಎಲ್ಲೋ ನಿಂತು ಕೇಳಿದ್ಲು ಅಂತ ಇಟ್ಕ. ಅವ್ಳ ಜಾಗ್ದಲ್ಲಿ ನೀನು ಕೂತಿದ್ರೆ ಅವ್ಳು ಎಲ್ಲಿ ಹೇಳ್ಬೇಕು?”

“ಅವರು ಅಲ್ಲಿ ಹೇಳಿದ್ದು ನಿಮಗೆ ಕೇಳೋದಿಲ್ಲ ಅಕ್ಕಾ. ರೇಡಿಯೋದಲ್ಲಿ ಹಾಗಾಗೋದಿಲ್ಲ.”

“ಅದು ನಂಗೂ ಗೊತ್ತು. ನಾ ಎಂತ ದಡ್ಡಿಯಾ? ನಂಗೆ ಕೇಳೂದು ಬ್ಯಾಡ. ಅವ್ಳಿಗೆ ಹೇಳೂಕೆ ಜಾಗ ಇದ್ರೆ ಸಾಕು.”

ನನಗೆ ಸಿಟ್ಟು ನೆತ್ತಿಗೇರಿತು. ಯಾವಳೋ ಎಲ್ಲೋ ಇರುವವಳಿಗಾಗಿ ನನ್ನ ಹದಿನೈದು ನಿಮಿಷ ನೀರುಪಾಲಾಗಬೇಕೆ? ಕೋಣೆಯಿಂದ ಹೊರಗೆ ಬಂದು, ಅಂಗಳದಲ್ಲಿ ಎರಡು ಸುತ್ತು ಹಾಕಿ, ಒಳಗೆ ಬಂದು ಎಂಜಿನಿಯರಿಗೆ ಹೇಳಿದೆ: “ಅವರು ಎಷ್ಟು ಹೊತ್ತು ಸುಮ್ಮನಿದ್ದರೂ ನಿಲ್ಲಿಸಬೇಡಿ.” ಯಾಕೆ ಹಾಗೆ ಹೇಳಿದೆನೋ, ಈಗಲೂ ಸರಿಯಾಗಿ ಹೇಳಲಾರೆ. ಅಕ್ಕ ಮತ್ತೆ ಸೊಲ್ಲೆತ್ತಿದರು, ಮಂಡಿ ತಟ್ಟುತ್ತಲೇ ಇದ್ದರು. ಹಾಡು ನಿಂತಾಗಲೂ ಬಳೆಯ ಸಣ್ಣ ಸದ್ದು ತಾಳ ಬಿಡದೆ ಟೇಪಿಗೆ ಹೋಗುತ್ತಿತ್ತು.

ನಿಲಯಕ್ಕೆ ಮರಳಿದಾಗ ಸಾಹೇಬರು ಟೇಪು ಕೇಳಿ ಹಣೆ ಚಚ್ಚಿಕೊಂಡರು. “ಅರ್ಧಕ್ಕರ್ಧ ಮೌನ! ರೇಡಿಯೋದಲ್ಲಿ ಮೌನ ಅಂದ್ರೆ ಏನು ಗೊತ್ತಾ? ಸೆಟ್ಟು ಕೆಟ್ಟಿದೆ ಅಂತ ಅರ್ಥ. ಕತ್ತರಿಸಿ ಅಂಟಿಸ್ರೀ ಇದನ್ನ!”

ಎಂಜಿನಿಯರು ಬ್ಲೇಡು ತಂದೂ ಬಿಟ್ಟರು. ನಾನು ಸ್ಪೂಲನ್ನು ಎದೆಗವಚಿಕೊಂಡು ನಿಂತೆ.

“ಕತ್ತರಿಸಿದರೆ ನಾನು ಇದನ್ನು ಹಾಕೋದಿಲ್ಲ ಸಾರ್. ನಾನು ಅಕ್ಕನಿಗೆ ಮಾತು ಕೊಟ್ಟಿದ್ದೀನಿ.” ಕೊಟ್ಟಿರಲಿಲ್ಲ. ಕೊಟ್ಟಿರಬೇಕಾಗಿತ್ತು ಎಂದು ಆ ಗಳಿಗೆಯಲ್ಲಿ ಅನ್ನಿಸಿತು, ಹೇಳಿಬಿಟ್ಟೆ.

ಸಾಹೇಬರು ಬ್ಲೇಡು ಕೆಳಗಿಡುವಂತೆ ಎಂಜಿನಿಯರಿಗೆ ಸನ್ನೆ ಮಾಡಿದರು. “ಸರಿ. ಹಾಗೇ ಹಾಕು. ಆದರೆ ದೂರು ಬಂದರೆ ನಿನ್ನ ಹಾಡಿನ ಕಾರ್ಯಕ್ರಮ ಅಲ್ಲಿಗೇ ಮುಗೀತು.”

ಆ ಶನಿವಾರ ಸಂಜೆ ಆರೂವರೆಗೆ, ಧಾರಣೆಯ ಬದಲು, ನನ್ನ ಕಾರ್ಯಕ್ರಮ. ಮೈಕಿನಲ್ಲಿ ಹೇಳಿದೆ: “ಈ ಹಾಡಿನ ನಡುನಡುವೆ ನಿಶ್ಶಬ್ದವಿದೆ. ನಿಮ್ಮ ರೇಡಿಯೋ ಕೆಟ್ಟಿಲ್ಲ. ಅದು ಒಬ್ಬರ ಜಾಗ. ಅವರು ಕೇಳುತ್ತಿದ್ದರೆ ದಯವಿಟ್ಟು ಹಾಡಿಕೊಳ್ಳಲಿ.”

ಮಾರನೆಯ ವಾರ ದೂರುಗಳು ಬಂದವು, ರಾಶಿ ರಾಶಿ! ಒಬ್ಬರು ಏರಿಯಲ್ ತಂತಿ ಸರಿಮಾಡಲು ಹೆಂಚಿನ ಮೇಲೆ ಹತ್ತಿ ನಾಲ್ಕು ಹೆಂಚು ಒಡೆದಿದ್ದರು. ಇನ್ನೊಬ್ಬರು ಸೆಟ್ಟಿನ ನೆತ್ತಿಗೆ ಗುದ್ದಿ ಗುದ್ದಿ ನಿಜವಾಗಿಯೂ ಕೆಡಿಸಿಕೊಂಡಿದ್ದರು. ಸಾಹೇಬರು ಆ ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಾನು ಮತ್ತೆ ಧಾರಣೆಗೆ ಕೂತೆ. ಅಡಿಕೆ, ಮೆಣಸು, ಬೆಲ್ಲ. ನನ್ನ ದನಿ ನನಗೇ ಅಸಹ್ಯವಾಗುತ್ತಿತ್ತು. ಒಬ್ಬಳೇ ಇದ್ದಾಗ ಅತ್ತದ್ದೂ ಉಂಟು.

ಮೂರು ವಾರ ಕಳೆದ ಮೇಲೆ ತೀರ್ಥಹಳ್ಳಿಯಿಂದ ಒಂದು ಕಾಗದ ಬಂತು. ಬರೆದವರು ಅಲ್ಲಿನ ಒಂದು ಹೋಟೆಲಿನ ಯಜಮಾನರು. ಅದರ ಸಾರ ನನಗೆ ಇವತ್ತಿಗೂ ಬಾಯಿಪಾಠ. ಅವರ ಹೋಟೆಲಿಗೆ ದಿನಾ ಸಂಜೆ ಬಾಳೆಎಲೆ ತಂದುಕೊಡುವ ಒಬ್ಬ ಹೆಂಗಸಿದ್ದಾಳೆ, ಶರಾವತಿಯ ಕಡೆಯಿಂದ ಬಂದವಳು. ಆ ಶನಿವಾರ ಎಲೆಯ ಕಟ್ಟು ತಲೆಯ ಮೇಲಿರುವಾಗಲೇ ರೇಡಿಯೋದಲ್ಲಿ ಹಾಡು ಬಂತು. ಕಟ್ಟು ಕೆಳಗೆ ಹಾಕಿದವಳೇ, ಹಾಡು ನಿಂತ ಕಡೆಯೆಲ್ಲ ನಡುಬೀದಿಯಲ್ಲಿ ನಿಂತು ಗಟ್ಟಿಯಾಗಿ ಹಾಡಿದಳು. ಗಿರಾಕಿಗಳು ಕಾಫಿ ಬಿಟ್ಟು ಎದ್ದು ಬಂದರು. “ಅವತ್ತಿನಿಂದ ದಿನಾ ಆರೂವರೆಗೆ ಬಂದು ರೇಡಿಯೋ ಮುಂದೆ ನಿಲ್ಲುತ್ತಾಳೆ. ನೀವು ಅಡಿಕೆ ಧಾರಣೆ ಓದುತ್ತೀರಿ. ಮುಗಿಯುವವರೆಗೂ ನಿಂತಿದ್ದು ಹೋಗುತ್ತಾಳೆ. ನನಗೆ ನೋಡಲಾಗುವುದಿಲ್ಲ. ದಯಮಾಡಿ ಏನಾದರೂ ಮಾಡಿ.”

ಮೂರು ವಾರ! ನಾನು ಇಲ್ಲಿ ಬೆಲ್ಲದ ಧಾರಣೆ ಓದುತ್ತಿದ್ದೆ, ಅವಳು ಅಲ್ಲಿ ನಿಂತು ಕೇಳುತ್ತಿದ್ದಳು! ಕಾಗದ ಹಿಡಿದು, ಬಾಗಿಲು ಬಡಿಯುವುದನ್ನೂ ಮರೆತು ಸಾಹೇಬರ ಕೋಣೆಗೆ ನುಗ್ಗಿದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ವ್ಯಾನು ಯಾವತ್ತು ಬೇಕು?” ಎಂದರು.

ನಿಟ್ಟೂರಿನಲ್ಲಿ ಅಕ್ಕನಿಗೆ ಕಾಗದ ಓದಿ ಹೇಳಿದೆ. ಅವರು ಅಳಲಿಲ್ಲ, ನಗಲಿಲ್ಲ. “ಎಲ್ಲಾ ಸೊಲ್ಲೂ ಹೇಳಿದ್ಲಂತಾ?” ಎಂದು ಕೇಳಿದರು. “ಎಲ್ಲವನ್ನೂ ಅಕ್ಕಾ,” ಎಂದೆ. ಒಳಗೆ ಹೋಗಿ ಸೀರೆ ಬದಲಿಸಿಕೊಂಡು, ಒಂದು ಚೀಲ ಹಿಡಿದು ಬಂದು, ವ್ಯಾನಿನಲ್ಲಿ ಎಂಜಿನಿಯರಿಗಿಂತ ಮೊದಲೇ ಕೂತರು. ದಾರಿಯುದ್ದಕ್ಕೂ ಅವರ ಕೈ ಮಂಡಿಯ ಮೇಲೆ ತಟ್ಟುತ್ತಿತ್ತು.

ನಾವು ಹೋಟೆಲಿನ ಮುಂದೆ ಕಾದು ನಿಂತೆವು. ಆರು ಗಂಟೆ ದಾಟಿದ ಮೇಲೆ ಬೀದಿಯ ತುದಿಯಲ್ಲಿ ಬಾಳೆಎಲೆಯ ಕಟ್ಟು ಕಂಡಿತು. ಅದರ ಕೆಳಗೆ ಸಣ್ಣ ಆಳು, ಅಕ್ಕನ ಭುಜದಷ್ಟೇ ಎತ್ತರ. ಹತ್ತಿರ ಬಂದವಳು ನಿಂತಳು. ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. ಈಗ ತಬ್ಬಿಕೊಳ್ಳುತ್ತಾರೆ, ಈಗ ಅಳುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ಮೂರನೇ ನುಡಿ ತಪ್ಪು ಹೇಳಿದ್ಯಲ್ಲೇ!” ಎಂದಳು. “ಇಡೀ ಲೋಕ ಕೇಳ್ತಿರ್ಬೇಕಾರೆ! ನಾ ಇಲ್ಲಿಂದ ಎಷ್ಟು ಕೂಗಿ ಸರಿ ಮಾಡಿದ್ರೂ ನೀ ಕೇಳದೆ ಮುಂದೆ ಹೋದೆ.”

“ಹಿಂದೆ ನೀ ಇಲ್ದೆ ನಂಗೆ ಮುಂದಿಂದು ಹ್ಯಾಂಗೆ ಬರಬೇಕೇ?” ಎಂದರು ಅಕ್ಕ. ಅಷ್ಟು ಹೇಳುವಷ್ಟರಲ್ಲಿ ಆ ಗಟ್ಟಿ ಗಂಟಲು ಒಡೆಯಿತು. ಎಲೆಯ ಕಟ್ಟು ಇಬ್ಬರ ಕಾಲ ಮೇಲೆ ಬಿತ್ತು.

ನಾನಂತೂ ಗಳಗಳ ಅತ್ತೆ. ಹೋಟೆಲಿನ ಯಜಮಾನರು ಎಲ್ಲರಿಗೂ ಕಾಫಿ ಹೇಳಿ, ತಾವು ಅಡಿಗೆಮನೆಗೆ ಹೋಗಿಬಿಟ್ಟರು.

ಆಮೇಲೆ ಎಷ್ಟೋ ವರ್ಷ ವಾರ ವಾರ ಆ ಕಾರ್ಯಕ್ರಮ ನಡೆಸಿದೆ. ನೂರಾರು ಜನರನ್ನು ಮಾತಾಡಿಸಿದೆ, ಕಡೆಕಡೆಗೆ ಉದ್ದಗೂದಲು ಬಿಟ್ಟು ಗಿಟಾರು ಹಿಡಿದು ಬಂದ ಹುಡುಗರನ್ನೂ. “ಹಾಡು ಶುರುಮಾಡಲು ನಿಮಗೆ ಏನು ಬೇಕು?” ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದೆ. ಅದನ್ನು ಕೇಳಲು ಕಲಿತದ್ದು ತೀರ್ಥಹಳ್ಳಿಯ ಆ ಸಂಜೆ.

ಎಂಜಿನಿಯರು ಹೋಟೆಲಿನ ಮೇಜಿನ ಮೇಲೆ ಯಂತ್ರ ಇಟ್ಟು ಹೊಸ ಸ್ಪೂಲು ಏರಿಸಿದ್ದರು. ಯಾರನ್ನೂ ಏನೂ ಕೇಳಲಿಲ್ಲ. ಅಕ್ಕ ಮಂಡಿ ತಟ್ಟಿ ಸೊಲ್ಲೆತ್ತಿದರು, ಜೋಡಿ ಎತ್ತಿಕೊಂಡಳು. ಟೇಪು ಮುಗಿದು ಅದರ ತುದಿ ಪಟಪಟ ಬಡಿಯುವವರೆಗೂ ಇಬ್ಬರೂ ನಿಲ್ಲಿಸಲಿಲ್ಲ. ಮೂರನೆಯ ನುಡಿ ಸರಿಯಾಗಿಯೇ ಬಂತು.